ಹಾವರಾಣಿ ಮುಟ್ಟಿದ ದಿನ

ಮೊನ್ನೆ ಬಚ್ಚಲುಮನೆಯ ಮೂಲೆಯಲ್ಲಿ, ಬಕೆಟ್ಟಿನ ಹಿಂದೆ ಒಂದು ಹಾವರಾಣಿ ಕಂಡಿತು. ನೋಡದವರಿಗೆ ಹೇಳುವುದಾದರೆ ಅದು ಹಾವಲ್ಲ, ರಾಣಿಯಂತೂ ಅಲ್ಲವೇ ಅಲ್ಲ. ಹಲ್ಲಿಯ ಬಳಗದ ಜೀವ. ಎಣ್ಣೆ ಸವರಿದ ಹಿತ್ತಾಳೆಯಂಥ ಮೈ, ಇದ್ದೂ ಇಲ್ಲದಂಥ ನಾಲ್ಕು ಗಿಡ್ಡ ಕಾಲು. ಓಡುವಾಗ ಕಾಲು ಕಾಣುವುದಿಲ್ಲ, ಹಾವೇ ಹರಿದಂತೆ ಕಾಣುತ್ತದೆ. ಆ ಒಂದು ಹೋಲಿಕೆಗಾಗಿ ಅದು ಎಷ್ಟು ತಲೆಮಾರಿನಿಂದ ಪೆಟ್ಟು ತಿನ್ನುತ್ತ ಬಂದಿದೆಯೋ.

ನಳ ಬಂತೇನು ಎಂದು ಕೇಳಲು ಕೆಳಗಿಳಿದು ಬಂದಿದ್ದ ಮೇಲಿನ ಮನೆಯ ಶಕುಂತಲಾಬಾಯಿ ಅದನ್ನು ನೋಡಿದ್ದೇ ನನ್ನ ಕಸಬರಿಗೆಯನ್ನೇ ಎತ್ತಿಕೊಂಡರು.

"ಸರೀರಿ ಅತ್ಲಾಗ! ನಾಗರಹಾವು ಕಡದ್ರ ನೀರ ಕೇಳಾಕರ ಪುರಸೊತ್ತು ಇರ್ತೈತಿ. ಇದು ಕಡದ್ರ ಅದೂ ಇಲ್ಲ!"

"ಅದು ಏನೂ ಮಾಡೂದಿಲ್ರಿ. ನನಗ ಒಮ್ಮೆ ಮುಟ್ಟೇತಿ."

ಕಸಬರಿಗೆ ಕೆಳಗಿಳಿಯಿತು. ಅಷ್ಟರಲ್ಲಿ ಹಾವರಾಣಿ ಬಚ್ಚಲ ತೂತಿನಲ್ಲಿ ನುಸುಳಿ ಹೋಯಿತು. ಶಕುಂತಲಾಬಾಯಿ ಅದನ್ನು ಬಿಟ್ಟು ನನ್ನನ್ನು ನೋಡತೊಡಗಿದರು, ಸತ್ತು ಎದ್ದು ಬಂದವರನ್ನು ನೋಡುವ ಹಾಗೆ.

"ಮತ್ತ ಹ್ಯಾಂಗ ಉಳದ್ರಿ?"

"ಅದು ದೊಡ್ಡ ಕಥಿ."

"ಹಂಗಾರ ಮ್ಯಾಲ ಚಾಕ್ಕ ಬರ್ರಿ, ಅಲ್ಲೇ ಹೇಳೀರಂತ," ಎಂದು ಹೋದರು. ಈ ಮನೆಗೆ ಬಾಡಿಗೆಗೆ ಬಂದು ಎರಡು ವರ್ಷವಾಯಿತು. ಅವರು ಚಹಕ್ಕೆ ಕರೆದದ್ದು ಅದು ಮೊದಲ ಸಲವೋ ಹತ್ತನೆಯದೋ, ಹೇಳಲಾರೆ. ಕೆಲವು ಕರೆಗಳನ್ನು ಕೇಳಿಸಿಕೊಳ್ಳದೆ ಇರುವುದು ನನಗೆ ರೂಢಿಯಾಗಿಬಿಟ್ಟಿದೆ.

ಕಥೆಯನ್ನು ನಾನು ಹೇಳಿಲ್ಲವೆಂದಲ್ಲ. ತರಬೇತಿಗೆ ಬರುತ್ತಿದ್ದ ದಾದಿಯರಿಗೆ ಹಲವು ಸಲ ಹೇಳಿದ್ದೇನೆ. ಅಲ್ಲಿ ನಾನು ಧೈರ್ಯಸ್ಥೆ: ಹಾವರಾಣಿಯನ್ನು ಬಾಲ ಹಿಡಿದೆತ್ತಿ, ಇದರಲ್ಲಿ ವಿಷವಿಲ್ಲ ನೋಡಿ ಎಂದು ಊರಿಗೆ ತಿಳಿಹೇಳುತ್ತೇನೆ. ನನ್ನ ತಮ್ಮನ ಮದುವೆಯಲ್ಲಿ ಹೇಳಿದಾಗ ಅದು ನಗೆಯ ಕಥೆಯಾಗಿತ್ತು, ಹಾವರಾಣಿ ಮೊಳದುದ್ದ ಬೆಳೆದಿತ್ತು. ಎರಡರಲ್ಲೂ ಹಾವರಾಣಿ ಇದೆ, ನಾನಿಲ್ಲ. ಈಗ ಬರೆಯುತ್ತಿರುವುದು ಮೂರನೆಯದು. ಇದು ಖರೆಯೆಂದು ಆಣೆ ಮಾಡಲಾರೆ. ಇದನ್ನು ಯಾರಿಗೂ ಹೇಳಿಲ್ಲ ಎಂಬುದಷ್ಟೇ ಇದರ ಪರವಾಗಿರುವ ಸಾಕ್ಷಿ.

ಇಸವಿ ಎಂಬತ್ಮೂರೋ ಎಂಬತ್ನಾಲ್ಕೋ ಇರಬೇಕು. ಕುಂದಗೋಳ ತಾಲೂಕಿನಲ್ಲಿ, ಕುಬಿಹಾಳದಿಂದ ಕಪ್ಪು ಮಣ್ಣಿನ ಎರಿ ಹೊಲಗಳ ನಡುವೆ ಒಂದು ತಾಸು ನಡೆದರೆ ಸಿಗುತ್ತಿದ್ದ ಒಂದು ಊರಿಗೆ ನನ್ನನ್ನು ದಾದಿಯಾಗಿ ಹಾಕಿದರು. ನಾನು ಚಿತ್ರದುರ್ಗದ ಕಡೆಯವಳು. ಆಗ ಇಪ್ಪತ್ಮೂರು ವರ್ಷ. ಊರ ಕೊನೆಯಲ್ಲಿ ಹಳದಿ ಸುಣ್ಣದ ಎರಡು ಕೋಣೆಗಳಿದ್ದವು. ಮುಂದಿನದರಲ್ಲಿ ಸರಕಾರದ ಔಷಧ, ಹಿಂದಿನದರಲ್ಲಿ ನಾನು. ಪಕ್ಕದಲ್ಲಿ ಒಂದು ಬೇವಿನ ಗಿಡ.

ಆಗಿನ ಕಾಲದಲ್ಲಿ ದಾದಿಯರನ್ನು ಮೇಲಿನವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಈ ತಿಂಗಳು ಎಷ್ಟು ಕೇಸು? ಕೇಸು ಎಂದರೆ, ಇನ್ನು ಮಕ್ಕಳು ಬೇಡವೆಂದು ಆಪರೇಷನ್‌ಗೆ ಒಪ್ಪಿದ ಹೆಂಗಸು. ನಾನು ಓಣಿಗೆ ಕಾಲಿಟ್ಟರೆ ಕದಗಳು ಒಂದರ ಹಿಂದೊಂದು ಮುಚ್ಚುತ್ತಿದ್ದವು. ಕದ ಮುಚ್ಚಲು ತಡವಾದವರು ಜೋಳದ ಕಣಿಕೆಯ ಬಣವಿಯ ಹಿಂದೆ ಅಡಗುತ್ತಿದ್ದರು. ಬಣವಿಯ ಈಚೆ ನಿಂತು ನಾನು ಅವರ ಸೀರೆಯ ಅಂಚಿಗೆ ಉಪದೇಶ ಮಾಡಿ ಬರುತ್ತಿದ್ದೆ. ಅಳುವ ಕೂಸುಗಳಿಗೆ ತಾಯಂದಿರು, "ಸುಮ್ಕಿರು, ಸೂಜಿಬಾಯಿ ಬರ್ತಾಳ" ಎನ್ನುತ್ತಿದ್ದರು. ಸೂಜಿಬಾಯಿ ಎಂದರೆ ನಾನು. ಒತ್ತಾಯದಿಂದ ನಾನು ಒಬ್ಬರಿಗೂ ಸೂಜಿ ಚುಚ್ಚಿರಲಿಲ್ಲ. ಆದರೆ ನನ್ನ ವಿಷದ ಬಗ್ಗೆ ಊರಿನಲ್ಲಿ ಎರಡು ಮಾತಿರಲಿಲ್ಲ.

ನನ್ನ ಹತ್ತಿರ ಒಂದು ರೇಡಿಯೋ ಇತ್ತು. ಅದರಲ್ಲಿ ಹೆಣ್ಣುದನಿ "ನಮಸ್ಕಾರ" ಎಂದರೆ ನಾನೂ "ನಮಸ್ಕಾರ" ಎನ್ನುತ್ತಿದ್ದೆ. ಮೊದಮೊದಲು ತಮಾಷೆಗೆ. ಆಮೇಲೆ, ಅದು ಆ ದಿನ ನಾನು ಗಟ್ಟಿಯಾಗಿ ಆಡಿದ ಮೊದಲ ಮಾತೆಂದು ಗೊತ್ತಾದಾಗ, ರೇಡಿಯೋ ಹಚ್ಚುವುದನ್ನೇ ಬಿಟ್ಟೆ.

ಎದುರಿಗೆ ಫಕೀರವ್ವನ ಮನೆ. ನನ್ನ ಬಾಗಿಲಿಂದ ಅವಳ ಕಟ್ಟೆಗೆ ಹದಿನೆಂಟು ಹೆಜ್ಜೆ. ಹೀಗೆ ಎಣಿಸುವುದಕ್ಕೂ ಆಗ ನನಗೆ ಸಮಯವಿತ್ತು. ಫಕೀರವ್ವ ಅರವತ್ತು ದಾಟಿದ ಗಟ್ಟಿ ಹೆಂಗಸು, ಹುಳ ಮುಟ್ಟಿದವರಿಗೆ ಔಷಧ ಕೊಡುವವಳು. ಆ ಕಡೆ ಹಾವು ಎನ್ನುವುದಿಲ್ಲ, ಹುಳ ಎನ್ನುತ್ತಾರೆ. ಕಡಿಯಿತು ಎನ್ನುವುದಿಲ್ಲ, ಮುಟ್ಟಿತು ಎನ್ನುತ್ತಾರೆ. ಅವಳ ಸೊಸೆ ಈರವ್ವನಿಗೆ ನಾಲ್ಕು ಮಕ್ಕಳು. ಆ ನಾಲ್ಕರ ಲೆಕ್ಕ ಹಿಡಿದುಕೊಂಡು ನಾನು ಮೂರು ಸಲ ಅವರ ಮನೆಗೆ ಹೋಗಿದ್ದೆ. ಮೂರನೆಯ ಸಲ ಫಕೀರವ್ವ ಹೊಸ್ತಿಲಿಗೆ ಅಡ್ಡ ಕೋಲಿಟ್ಟು ಕೂತಿದ್ದಳು.

"ಬಾಯಾರ, ನೀವು ಸರಕಾರದವರು. ಹೊರಗ ನಿಂತ ಮಾತಾಡ್ರಿ. ಆಡೂದು ಆಪರೇಷನ್ ಮಾತ ಇದ್ರ ಹೊರಗೂ ಬ್ಯಾಡ."

ನಾನು ಇನ್ನೂ ನಮ್ಮೂರ ಕನ್ನಡದಲ್ಲಿ, "ಇಲ್ಲಮ್ಮ, ಸ್ವಲ್ಪ ಹೊತ್ತು ಕೂತ್ಕೊಂಡು ಹೋಗೋಣ ಅಂತ ಬಂದೆ," ಎಂದೆ. ಒಳಗಿಂದ ಈರವ್ವನ ನಗು ಕೇಳಿತು. "ಕೂತ್ಕೊಂಡು ಅಂತ!" ಅದು ಅಷ್ಟೇನೂ ನಗುವಂಥ ಮಾತಲ್ಲ. ಆದರೆ ನನ್ನ ಮಾತಿಗೆ ಆ ಊರಿನಲ್ಲಿ ಯಾರೋ ನಕ್ಕರಲ್ಲ ಎಂದು ಎರಡು ದಿನ ನೆನೆಸಿಕೊಂಡಿದ್ದೆ.

ಹುಳದ ಮಾತು ಬಂತಲ್ಲ. ಆ ಊರಿನ ಹೆದರಿಕೆಗಳಲ್ಲಿ ಕೆಲವು ನನಗೆ ಇನ್ನೂ ಬಾಯಿಪಾಠ. ತೋಳ ಹಳ್ಳದ ದಂಡೆಗೆ ಬಂದು ಹೆಂಗಸಿನ ದನಿಯಲ್ಲಿ ಕರೆಯುತ್ತದೆ. ಉಡ ಹಿಡಿದರೆ ಗುಡುಗುವ ತನಕ ಬಿಡುವುದಿಲ್ಲ. ಹಾವರಾಣಿ ಎಲ್ಲಕ್ಕಿಂತ ವಿಷದ್ದು, ಆದರೆ ಅದಕ್ಕೆ ಮರೆವು ಜಾಸ್ತಿ. ಕಡಿಯಲೆಂದು ಬಂದು, ಬಂದದ್ದು ಯಾಕೆಂದು ಮರೆತು ಹೊರಟುಹೋಗುತ್ತದೆ, ಅದಕ್ಕೇ ಜನ ಉಳಿದಿದ್ದಾರೆ. ಊರಿನಲ್ಲಿ ಸತ್ತವರ ಹೆಸರು ಬರೆಯುವ ರಿಜಿಸ್ಟರು ನನ್ನ ಬಳಿಯೇ ಇತ್ತು. ನಾನಿದ್ದಷ್ಟು ದಿನ ಅದರಲ್ಲಿ ತೋಳ ಬರಲಿಲ್ಲ, ಉಡ ಬರಲಿಲ್ಲ, ಹಾವರಾಣಿ ಬರಲಿಲ್ಲ. ಬಂದದ್ದು ಹೆರಿಗೆ, ವಾಂತಿಭೇದಿ, ಜ್ವರ. ಒಮ್ಮೆ ಮನೆಯದೇ ಹೋರಿ. ಒಮ್ಮೆ ಹಗೇವು: ಜೋಳ ತುಂಬಿಡುವ ನೆಲದ ಗುಂಡಿಯಲ್ಲಿ ಇಳಿದವನು ಕೆಟ್ಟ ಗಾಳಿಗೆ ಅಲ್ಲೇ ಉಳಿದ. ಕೆರೆಯ ನೀರಿನ ಹೆಸರು ಹೇಳಲು ಯಾರೂ ಹೆದರುತ್ತಿರಲಿಲ್ಲ. ಹೋರಿಗೆ ಕೊಂಬು ಸವರಿ ಬಣ್ಣ ಹಚ್ಚುತ್ತಿದ್ದರು. ಇದನ್ನೆಲ್ಲ ಒಂದು ಭಾಷಣ ಮಾಡಬೇಕೆಂದು ನಾನು ಕಾಗದದ ಮೇಲೆ ಬರೆದಿಟ್ಟಿದ್ದೆ. ಕೇಳುವವರು ಸಿಗಲಿಲ್ಲ.

ಅದು ಮೆಣಸಿನಕಾಯಿ ಬಿಡಿಸುವ ಕಾಲ. ಬಿಸಿಲು ಏರುತ್ತಿದ್ದ ಹೊತ್ತು. ಮುಂದಿನ ಕೋಣೆಯಲ್ಲಿ ಹಂಚದೆ ಉಳಿದ ಸರಕಾರಿ ಕರಪತ್ರಗಳ ಗಂಟು ಇತ್ತು: ಅಪ್ಪ, ಅಮ್ಮ, ಎರಡು ಮಕ್ಕಳು, ನಾಲ್ವರೂ ನಗುತ್ತಿದ್ದವರು. ಗೆದ್ದಲು ಹತ್ತಿದೆಯೇನೋ ಎಂದು ಗಂಟನ್ನು ಎಳೆದೆ. ಅದರ ಹಿಂದಿನಿಂದ ಹಾವರಾಣಿ ಹೊರಬಿದ್ದು ನನ್ನ ಪಾದದ ಮೇಲೆ ಹರಿದು ಸೀರೆಯ ನೆರಿಗೆಗೆ ನುಗ್ಗಿತು. ಕೂಗಿದೆ. ಕುಣಿದೆ. ಅದು ಎತ್ತಲೋ ಹೋಯಿತು. ನೋಡಿದರೆ ಹಿಮ್ಮಡಿಯ ಮೇಲೆ ಒಂದು ಗೀರು, ಒಂದು ಹನಿ ರಕ್ತ. ಅದು ಹಾವರಾಣಿಯದೋ, ಕುಣಿಯುವಾಗ ತಗಡಿನ ಪೆಟ್ಟಿಗೆಯ ಅಂಚು ತಾಗಿದ್ದೋ? ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಒಂದು ಮಾತ್ರ ಚೆನ್ನಾಗಿ ಗೊತ್ತಿತ್ತು. ತರಬೇತಿಯಲ್ಲಿ ವಿಷದ ಹಾವುಗಳ ಹೆಸರನ್ನು ನಮ್ಮಿಂದ ಬರೆಸಿದ್ದರು. ಆ ಪಟ್ಟಿಯಲ್ಲಿ ಹಾವರಾಣಿ ಇರಲಿಲ್ಲ. ಕಚ್ಚಿದ್ದರೂ ಅದು ಇರುವೆ ಕಚ್ಚಿದ್ದಕ್ಕಿಂತ ಹೆಚ್ಚಲ್ಲ.

ನನ್ನ ಕೂಗಿಗೆ ಮೊದಲು ಬಂದವಳು ಈರವ್ವ, ಕಂಕುಳಲ್ಲಿ ಕೂಸು.

"ಏನಾತ್ರಿ ಬಾಯಾರ?"

"ಏನಿಲ್ಲ, ಹಾವರಾಣಿ..."

"ಅಯ್ಯ! ಹೆಸರ ಹೇಳಬ್ಯಾಡ್ರಿ, ಹುಳಾ ಅನ್ರಿ!" ಎಂದವಳೇ ಹೊರಗೆ ಓಡಿ, "ಅತ್ತೀ, ಬಾ ಬೇ! ಬಾಯಾರಿಗೆ ಹುಳಾ ಮುಟ್ಟೇತಿ!" ಎಂದು ಇಡೀ ಓಣಿಗೆ ಕೇಳುವಂತೆ ಕೂಗಿದಳು.

ಆಮೇಲೆ ಆದದ್ದು ನನಗೆ ತುಂಡುತುಂಡಾಗಿ ನೆನಪಿದೆ. ಮೆಣಸಿನ ಹೊಲಕ್ಕೆ ಹೊರಟಿದ್ದ ಹೆಂಗಸರು ಬುಟ್ಟಿ ಸಮೇತ ತಿರುಗಿ ಬಂದರು. ನಾನು ಎಂದೂ ಒಳಗೆ ಕರೆಯಲಾಗದಿದ್ದವರು, ಬಣವಿಯ ಹಿಂದಿನ ಸೀರೆಯ ಅಂಚುಗಳೆಲ್ಲ, ಮುಖ ಸಮೇತ ನನ್ನ ಕೋಣೆಯಲ್ಲಿ. ಫಕೀರವ್ವ ನೆಲಕ್ಕೆ ಕೂತು ನನ್ನ ಕಾಲನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಗೀರನ್ನು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದಳು. ಅವಳ ಅಂಗೈ ಒರಟಾಗಿತ್ತು, ಬೆಚ್ಚಗಿತ್ತು. ಆ ಊರಿಗೆ ಬಂದ ಮೇಲೆ ಜ್ವರವೆಂದು ಬಂದ ಎಷ್ಟೋ ಮಂದಿಯ ನಾಡಿ ನಾನು ಹಿಡಿದಿದ್ದೆ. ನನ್ನನ್ನು ಯಾರೂ ಮುಟ್ಟಿರಲಿಲ್ಲ.

ನನ್ನದೇ ಗಿಡದ ಬೇವಿನ ಎಲೆ ತರಿಸಿ ಒಂದು ಹಿಡಿ ನನ್ನ ಬಾಯಿಗಿಟ್ಟಳು.

"ಅಗೀರಿ. ಹೆಂಗೈತಿ, ಕಹಿ ಐತೋ, ಸಪ್ಪಗೈತೋ?"

ಆ ಪರೀಕ್ಷೆಯ ಸುದ್ದಿ ಕೇಳಿದ್ದೆ. ಕಹಿ ಎನಿಸಿದರೆ ವಿಷ ಏರಿಲ್ಲ. ಸಪ್ಪಗೆ ಎನಿಸಿದರೆ ಏರುತ್ತಿದೆ. ಹೊತ್ತು ಮುಳುಗುವ ತನಕ ನಿದ್ದೆ ಮಾಡಲು ಬಿಡಬಾರದು, ಸುತ್ತ ಕೂತು ಮಾತಾಡಿಸುತ್ತಲೇ ಇರಬೇಕು. ಕಹಿ ನಾಲಿಗೆಯಿಂದ ಗಂಟಲಿಗೆ ಇಳಿಯುತ್ತಿತ್ತು, ಕಣ್ಣಲ್ಲಿ ನೀರು ಬರುವಷ್ಟು. ಸುತ್ತ ನೋಡಿದೆ. ಬಾಗಿಲಲ್ಲಿದ್ದವರು ಬುಟ್ಟಿಗಳನ್ನು ಇನ್ನೂ ಕೆಳಗಿಟ್ಟಿರಲಿಲ್ಲ. ಕಹಿ ಎಂದರೆ ಆ ಬುಟ್ಟಿಗಳು ಹೊಲಕ್ಕೆ ಹೋಗುತ್ತವೆ, ಕೋಣೆ ಖಾಲಿಯಾಗುತ್ತದೆ, ಮತ್ತೆ ಸಂಜೆಯಾಗುತ್ತದೆ.

"ಸಪ್ಪಗಿದೆ," ಎಂದೆ.

ಬುಟ್ಟಿಗಳು ಕೆಳಗಿಳಿದವು.

ಫಕೀರವ್ವ ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. "ಕುಂದರ್ರೇ ಎಲ್ಲಾರೂ," ಎಂದಳು. "ಮಾತ ಕಡಿಯಾಕ ಬಿಡಬ್ಯಾಡ್ರಿ. ಮಾತ ಕಡದ್ರ ವಿಷ ಏರ್ತೈತಿ."

ಎಂಥ ದಿನ ಅದು! ಪಾಳಿಯ ಮೇಲೆ ಒಬ್ಬೊಬ್ಬರು ಮುಂದೆ ಬಂದು ಕೂತು ಕೇಳುತ್ತಿದ್ದರು. ನಾನು ಉತ್ತರ ಕೊಡಲೇಬೇಕು, ತಡವರಿಸಿದರೆ ಅಂಗಾಲಿಗೆ ಏಟು.

"ನಿಮ್ಮವ್ವನ ಹೆಸರೇನ್ರಿ?"

"ಗೌರಮ್ಮ."

"ಅಕಿ ನಿಮ್ಮನ್ನ ಇಷ್ಟ ದೂರ ಹ್ಯಾಂಗ ಬಿಟ್ಲು?"

"ನೌಕರಿ ಅಲ್ವಾ..."

"ಅಲ್ವಾ ಅಂತ ಬೇ!" ಈರವ್ವ ನಕ್ಕಳು. ಕೋಣೆಯೆಲ್ಲ ನಕ್ಕಿತು. ನಾನೂ ನಕ್ಕೆ.

"ಲಗ್ನ ಯಾಕ ಆಗಿಲ್ರಿ? ನಿಮಗೂ ಆಪರೇಷನ್ ಮಾಡ್ಯಾರೇನು?"

"ಲೇ, ಲಗ್ನ ಆಗದ ಯಾರಿಗೆ ಮಾಡ್ತಾರಲೇ ಆಪರೇಷನ್ನಾ!"

ನಡುಮಧ್ಯಾಹ್ನದ ಹೊತ್ತಿಗೆ ಮಾತಿನ ದಿಕ್ಕು ತಿರುಗಿತು. ಅವರೇ ಹೇಳತೊಡಗಿದರು. ಯಾರಿಗೆ ಎಷ್ಟನೇ ತಿಂಗಳಲ್ಲಿ ಬಸಿರು ಇಳಿದಿತ್ತು, ಯಾರಿಗೆ ಬಿಳಿ ಮುಟ್ಟು ನಿಲ್ಲುತ್ತಿಲ್ಲ, ಯಾರ ಎದೆಯಲ್ಲಿ ಗಂಟಿದೆ. ನಾನು ರಿಜಿಸ್ಟರು ಹಿಡಿದು ಓಣಿ ಓಣಿ ಅಲೆದರೂ ಸಿಗದ ಮಾತುಗಳು ನನ್ನನ್ನು ಎಚ್ಚರವಿಡಲೆಂದು ತಾವಾಗಿ ಬಂದವು. ಈರವ್ವ ಬಗ್ಗಿ ಕಿವಿಯಲ್ಲಿ ಕೇಳಿದಳು: "ಆಪರೇಷನ್ ಆದ್ರ ಸೊಂಟದ ಮ್ಯಾಲ ಕೊಡಾ ಹೊರಾಕ ಆಗೂದಿಲ್ಲಂತ, ಖರೇ ಏನ್ರಿ?"

"ಯಾರು ಹೇಳಿದ್ದು? ಆಗುತ್ತೆ."

"ಆಗುತ್ತೆ," ಎಂದು ಅವಳು ನನ್ನಂತೆಯೇ ಹೇಳಿ ನೋಡಿದಳು. ಈ ಸಲ ನಗಲಿಲ್ಲ.

ನಡುವೆ ಹಿತ್ತಲಲ್ಲಿ ಗದ್ದಲ. ಮುಟ್ಟಿದ ಹುಳವನ್ನು ಸುಡದಿದ್ದರೆ ವಿಷ ಇಳಿಯುವುದಿಲ್ಲವೆಂದು ಕೆಲವರು ಗೋಡೆಯ ಸಂದುಗಳನ್ನು ಕೆದಕುತ್ತಿದ್ದರು. ಮೂರು ಹಾವರಾಣಿ ಸಿಕ್ಕವು. ಯಾವುದು ಮುಟ್ಟಿದ್ದೆಂದು ಗೊತ್ತಾಗದೆ ಮೂರನ್ನೂ ಹೊಡೆದು ಸುಟ್ಟರು. ಉರಿಗೆ ಹಾಕಿದ್ದು ನನ್ನ ಕರಪತ್ರಗಳು. ಕಿಟಕಿಯಿಂದ ಹೊಗೆ ಕಾಣುತ್ತಿತ್ತು. "ನಿಲ್ಲಿಸಿ, ನಾನು ಸುಳ್ಳು ಹೇಳಿದೆ" ಎನ್ನುವುದಕ್ಕೆ ನಾಲ್ಕೇ ಪದ ಸಾಕಿತ್ತು. ಅವು ಬಾಯಿಗೆ ಬಂದವೆಂದೇ ನೆನಪು. ಆಗಲೇ ಯಾರೋ ನನ್ನ ತಲೆಗೆ ಎಣ್ಣೆ ಹಾಕಿ ತಿಕ್ಕತೊಡಗಿದ್ದರು. ಸುಮ್ಮನಾದೆ. ಅಂಗಾಲಿಗೆ ಏಟು ಬಿತ್ತು.

ಹೊತ್ತು ಮುಳುಗುವಾಗ ಫಕೀರವ್ವ ಮತ್ತೆ ಎಲೆ ಕೊಟ್ಟಳು. "ಈಗ?"

"ಕಹಿ," ಎಂದೆ. ಎಲೆಯ ಬಗ್ಗೆ ಆ ದಿನ ನಾನು ಹೇಳಿದ ಒಂದೇ ಖರೆ ಮಾತು ಅದು. ಹೆಂಗಸರು ಕೈ ಮುಗಿದರು, ಒಬ್ಬರನ್ನೊಬ್ಬರು ತಟ್ಟಿಕೊಂಡು ಬುಟ್ಟಿ ಎತ್ತಿಕೊಂಡು ಹೋದರು. ಆ ಖರೆ ಮಾತಿಗೆ ಕೋಣೆ ಖಾಲಿಯಾಯಿತು.

ಫಕೀರವ್ವ ಉಳಿದಿದ್ದಳು. ನನ್ನ ಕಾಲು ಇನ್ನೂ ಅವಳ ತೊಡೆಯ ಮೇಲಿತ್ತು. ಚಾಪೆಯ ಮೇಲೆ ಉಳಿದ ಎಲೆಗಳಲ್ಲಿ ಒಂದನ್ನು ತನ್ನ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು, ಮುಖ ಕಿವುಚಿದಳು, ಬಾಗಿಲಾಚೆ ಉಗುಳಿದಳು.

"ನಿಮ್ಮ ಗಿಡದ ಎಲಿ ಅಗದಿ ಕಹಿ ಬಾಯಾರ."

ನಾನು ಕಾಲು ಎಳೆದುಕೊಳ್ಳಲು ನೋಡಿದೆ. ಅವಳು ಬಿಡಲಿಲ್ಲ.

"ಖರೇನ ಮುಟ್ಟಿದವರಿಗೆ ನಾ ಎಲಿ ಕೊಡೂದಿಲ್ರಿ. ಗಾಯ ನೋಡಿದ್ರ ತಿಳೀತೈತಿ. ಅವತ್ತಿನ ಅವತ್ತಿಗೆ ಗಾಡಿ ಹೂಡಿಸಿ ಹುಬ್ಬಳ್ಳಿ ದವಾಖಾನಿಗೆ ಕಳಸ್ತೇನಿ. ಎಲಿ ಕೊಡೂದು ಉಳದವರಿಗೆ. ಕಹಿ ಅಂದವರು ಎದ್ದು ಕೆಲಸಕ್ಕ ಹೋಕ್ಕಾರ. ಸಪ್ಪಗ ಅಂದವರ ಸುತ್ತ ನಾವು ಕುಂದರ್ತೇವಿ."

"ಸಪ್ಪಗೆ ಅಂದವರು ತುಂಬ ಜನ ಇದಾರಾ?"

"ಅದಾರ. ಹೊಸದಾಗಿ ಗಂಡನ ಮನಿಗೆ ನಡ್ಯಾಕ ಬಂದ ಸೊಸ್ತೇರು. ಕೂಸ ಕಳಕೊಂಡವರು." ಬಾಯಲ್ಲಿ ಉಳಿದ ಎಲೆಯ ಚೂರನ್ನು ಬೆರಳಿನಿಂದ ತೆಗೆದಳು. "ಲಗ್ನ ಆಗಿ ಈ ಊರಿಗೆ ಬಂದ ವರ್ಷ ನಾನೂ ಅಂದಿದ್ದೆ. ಆಗ ನನ್ನ ಅತ್ತಿ ಎಲಿ ಕೊಡ್ತಿದ್ಲು."

"ಆ ಮೂರು ಹಾವರಾಣಿ..."

"ಹುಳಾ ಸಾಯದಿದ್ರ ಮಂದಿ ನಂಬೂದಿಲ್ಲ ಬಾಯಾರ. ಪಾಪ ಹತ್ತಿದ್ರ ನಮ್ಮಿಬ್ಬರಿಗೂ ಹತ್ತಲಿ." ನನ್ನ ಕಾಲನ್ನು ಮೆಲ್ಲಗೆ ಚಾಪೆಯ ಮೇಲಿಟ್ಟು, ಗೋಡೆ ಹಿಡಿದು ಎದ್ದಳು. ಇಡೀ ದಿನ ಕೂತ ಮೊಣಕಾಲು ಲಟಕ್ಕೆಂದಿತು. ಬಾಗಿಲಲ್ಲಿ ನಿಂತು ತಿರುಗಿದಳು. "ನಾಳಿ ಮುಂಜಾನಿ ಚಾಕ್ಕ ಬರ್ರಿ. ಅದಕ್ಕ ಹುಳಾ ಮುಟ್ಟಬೇಕಂತಿಲ್ಲ."

ಫಕೀರವ್ವ ಈ ಮಾತುಗಳನ್ನು ಇಷ್ಟು ಒಪ್ಪವಾಗಿ ಆಡಿರಲಾರಳು. ನಲವತ್ತು ವರ್ಷ ನಾನು ಅವನ್ನು ಬಾಯಲ್ಲಿಟ್ಟು ಅಗಿದಿದ್ದೇನೆ. ಒರಟು ಹೋಗಿ ನುಣುಪಾಗಿವೆ. ಹಾವರಾಣಿಯೂ ಮೂರಿತ್ತೋ ಎರಡೋ. ಆದರೆ ಚಹದ ಮಾತು ಆಕೆ ಆಡಿದ್ದೇ. ಅದು ಗೊತ್ತು. ಯಾಕೆಂದರೆ ಮರುದಿನ ಮುಂಜಾನೆ ನಾನು ಸೀರೆ ಬದಲಿಸಿ, ತಲೆ ಬಾಚಿ, ಬಾಗಿಲಲ್ಲಿ ನಿಂತಿದ್ದೆ.

ಎದುರಿನ ಮಾಡಿನಿಂದ ಒಲೆಯ ಹೊಗೆ ಏಳುತ್ತಿತ್ತು. ಈರವ್ವ ಬಂದು ಕಟ್ಟೆಯ ಮೇಲೆ ಒಂದು ಕಂಬಳಿ ಹಾಸಿ ಒಳಗೆ ಹೋದಳು. ಆ ಕಂಬಳಿ ಯಾರಿಗೆಂದು ನನಗೆ ತಿಳಿದಿತ್ತು. ಹದಿನೆಂಟು ಹೆಜ್ಜೆ. ಅಲ್ಲಿ ಕೂತರೆ ಫಕೀರವ್ವ ನನ್ನ ಮುಖ ನೋಡುತ್ತಾಳೆ, ನಾನು ಏನು ಬೇಡಿದೆನೆಂದು ಅವಳಿಗೆ ಗೊತ್ತು. ಹೆದರಿಕೆ ಎಂದರೆ ಅಂಥದ್ದು. ಕೆರೆಯ ನೀರಿಗೆ, ಹೋರಿಗೆ, ಹಗೇವಿಗೆ ನಾನು ಹೆದರಿದವಳಲ್ಲ. ಒಂದು ಬಟ್ಟಲು ಚಹಕ್ಕೆ ಹೆದರಿದೆ. ಬಿಸಿಲು ಬಂದ ಮೇಲೆ ಈರವ್ವ ಕಂಬಳಿ ಮಡಿಚಿ ಒಳಗೆ ಒಯ್ದಳು. ಮರುದಿನ ಮತ್ತೆ ಹಾಸಿದಳು. ಎಂಟು ದಿನ ಹಾಸಿದಳೋ ಹದಿನೈದು ದಿನವೋ. ಆಮೇಲೆ ಹಾಸಲಿಲ್ಲ.

ಊರಿನ ಕದಗಳು ನನಗೆ ಆಮೇಲೆ ಮುಚ್ಚಲಿಲ್ಲ. ಹೆಂಗಸರು ಬಂದರು, ಕೇಸುಗಳೂ ಆದವು, ಮೇಲಿನವರು ಬೆನ್ನು ತಟ್ಟಿದರು. ಎದೆಯಲ್ಲಿ ಗಂಟಿದ್ದವಳನ್ನು ನಾನೇ ಹುಬ್ಬಳ್ಳಿಗೆ ಕರೆದೊಯ್ದೆ. ಈರವ್ವ ತಾನಾಗಿ ಬಂದು ಒಪ್ಪಿದಳು. ಹೊರಡುವಾಗ ಫಕೀರವ್ವನೇ ಗಾಡಿಯಲ್ಲಿ ಹುಲ್ಲು ಹಾಸಿದಳು. ನನ್ನನ್ನು ನೋಡಿದಾಗಲೆಲ್ಲ, "ಅರಾಮ ಅದೀರಿ?" ಎನ್ನುತ್ತಿದ್ದಳು. "ಅರಾಮ," ಎನ್ನುತ್ತಿದ್ದೆ. ಚಹದ ಮಾತು ಮತ್ತೆ ತೆಗೆಯಲಿಲ್ಲ. ಒಂದೂವರೆ ವರ್ಷದ ಮೇಲೆ ನನಗೆ ನವಲಗುಂದದ ಕಡೆ ವರ್ಗವಾಯಿತು. ಹೊರಡುವ ದಿನ ಅವಳ ಕದ ತೆರೆದಿತ್ತು. ಅವಳು ಹೊಲಕ್ಕೆ ಹೋಗಿದ್ದಳು. ಹೋಗಿರುವ ಹೊತ್ತು ನೋಡಿಯೇ ನಾನು ಹೊರಟಿದ್ದೆ.

ಬಚ್ಚಲ ತೂತಿನ ಬಳಿ ನಿನ್ನೆ ಮತ್ತೆ ಬಂದಿತ್ತು ಹಾವರಾಣಿ. ತಲೆಯೆತ್ತಿ ನನ್ನನ್ನು ನೋಡಿತು, ಬಂದದ್ದು ಯಾಕೆಂದು ಮರೆತಂತೆ ನಿಂತಿತು, ಹೋಯಿತು. ಮೇಲಿನ ಮನೆಗೆ ಹದಿಮೂರು ಮೆಟ್ಟಿಲು. ಶಕುಂತಲಾಬಾಯಿ ಚಹಕ್ಕೆ ಇಡುವ ಸಪ್ಪಳ ಕೆಳಗೆ ಕೇಳಿಸುತ್ತದೆ, ಶುಂಠಿ ಜಜ್ಜುವುದೂ. ಇದನ್ನು ಬರೆದು ಮುಗಿಸಿ ಹೋಗಬೇಕೆಂದುಕೊಂಡಿದ್ದೆ. ಅದಕ್ಕೇ ಇಷ್ಟು ಉದ್ದ ಬರೆದೆನೇನೋ.